ಸೊಸೆಗೆ ಅಳು ತರಿಸುವ ಆಲೂಗಡ್ಡೆ

ಸಾವಿಗೆ ಬಂದವರ ಊಟಕ್ಕೆಂದು ಬೇಯಿಸಿದ ಆಲೂಗಡ್ಡೆಯನ್ನು ನೆಲಿಡಾ ಕಂಬಳಿಯ ಮೇಲೆ ಸುರಿಯುತ್ತಿದ್ದಾಗ, ಸತ್ತ ಅತ್ತೆ ಬಾಸಿಲಿಯಾಳ ತಂಗಿ ಹಸಿಂತಾ ಬಂದು ಅವಳ ಗಲ್ಲ ಹಿಡಿದೆತ್ತಿ ಕಣ್ಣು ನೋಡಿದಳು.

"ಏನೇ, ನಿನ್ನೆಯಿಂದ ಒಂದು ಹನೀನೂ ಇಲ್ವಲ್ಲೇ? ಪ್ರವಾಸಿಗಳ ಮುಂದೆ ಆದ್ರೆ ಕೊಡಗಟ್ಟಲೆ ಸುರಿಸ್ತಿದ್ದೆ."

"ಬರ್ತಿಲ್ಲ ಚಿಕ್ಕತ್ತೆ."

"ಬರಿಸ್ಕೋ. ಗುಂಡಿ ತೋಡೋರು ಆಗ್ಲೇ ಮೇಲೆ ಹೋದ್ರು. ಹೆಣ ಎತ್ತೋದ್ರೊಳಗೆ ನೀನು ಅಳದಿದ್ರೆ, ಮುದುಕಿ ಸಾಯ್ಲಿ ಅಂತ್ಲೇ ಕಾಯ್ತಿದ್ಲು ಅಂತಾರೆ ಜನ."

"ಅಂದ್ಕೊಳ್ಲಿ."

ಹಾಗೆಂದಳೇ ಹೊರತು ನೆಲಿಡಾಗೆ ಭಯವಾಗಿತ್ತು. ಊರಿನ ಬಾಯಿಗಲ್ಲ, ತನಗೇ. ಹದಿನೈದು ವರ್ಷ ಒಂದೇ ಒಲೆಯ ಮುಂದೆ ಕೂತವಳು ಅಂಗಳದಲ್ಲಿ ಮಲಗಿದ್ದಾಳೆ. ತನ್ನೊಳಗೆ ಏನೂ ಅಲುಗುತ್ತಿಲ್ಲ. ಅವಳು ಇಡಿಯಾದ ಆಲೂಗಡ್ಡೆಗಳನ್ನು ಬೇರೆಯಾಗಿ, ಒಡೆದವನ್ನು ಬೇರೆಯಾಗಿ ಆರಿಸತೊಡಗಿದಳು. ಯಾರೂ ಹಾಗೆ ಆರಿಸಲು ಹೇಳಿರಲಿಲ್ಲ.

*

ಊರಿನ ಹದಿನೆಂಟು ಮನೆಗಳೂ ಸರದಿಯಲ್ಲಿ ಪ್ರವಾಸಿಗಳನ್ನು ಇಳಿಸಿಕೊಳ್ಳುತ್ತಿದ್ದವು. ಒಬ್ಬರ ಮನೆಯವರು ನೇಯ್ಗೆ ತೋರಿಸಿದರೆ ಇನ್ನೊಬ್ಬರು ಉಳುಮೆ. ಬಾಸಿಲಿಯಾಳ ಪಾಲಿಗೆ ಬಂದದ್ದು ಮೈತುಂಬ ಗಂಟುಗಳಿರುವ, 'ಸೊಸೆಗೆ ಅಳು ತರಿಸುವ' ಆಲೂಗಡ್ಡೆಯ ಆಟ. ಹಿಂದೆ ಸೊಸೆಯಾಗಿ ಬರುವ ಹುಡುಗಿಯ ಕೈಗೆ ಮದುವೆಯ ದಿನ ಆ ಆಲೂಗಡ್ಡೆಯನ್ನೇ ಕೊಟ್ಟು, ತಿರುಳು ಪೋಲಾಗದಂತೆ ಸುಲಿಯುತ್ತಾಳೋ ಇಲ್ಲವೋ ಎಂದು ನೋಡುತ್ತಿದ್ದರು.

ಪ್ರವಾಸಿಗಳ ಮುಂದೆ ನೆಲಿಡಾ ಸುಲಿಯುವಳು. ಬಲಪಕ್ಕದಲ್ಲಿ ಬಾಸಿಲಿಯಾ ಸೊಂಟಕ್ಕೆ ಕೈಯಿಟ್ಟು, "ನೋಡ್ರಪ್ಪಾ, ಇವಳ ತವರಲ್ಲಿ ಆಲೂಗಡ್ಡೆ ಬೆಳೆಯಲ್ವಂತೆ, ಕಲ್ಲು ಬೇಯಿಸ್ಕೊಂಡು ತಿಂತಾರಂತೆ!" ಎಂದು ಬೈಯಲು ಶುರು ಮಾಡುವಳು. ನೆಲಿಡಾ ಅಳಬೇಕು, ಪ್ರವಾಸಿಗಳು ನಗಬೇಕು. ಮೊದಮೊದಲು ಶಾಲಿನ ಅಂಚಿನಲ್ಲಿ ಈರುಳ್ಳಿ ಇಟ್ಟುಕೊಳ್ಳುತ್ತಿದ್ದಳು. ಮೂರನೇ ವರ್ಷಕ್ಕೆ ಪ್ರವಾಸಿಗಳ ಟೋಪಿ ಕಂಡರೆ ಸಾಕು, ಕಣ್ಣು ತಾನಾಗಿ ತುಂಬುತ್ತಿತ್ತು.

ಅವರು ಹೋದ ಮೇಲೆ ಬಾಸಿಲಿಯಾ ನೆಲಿಡಾ ಅರೆಬರೆ ಸುಲಿದಿಟ್ಟ ಆಲೂಗಡ್ಡೆಯನ್ನು ತಾನೇ ಪೂರ್ತಿ ಸುಲಿದು, ಬೇಯಿಸಿ, ಸೊಸೆಯ ಬಟ್ಟಲಿಗೆ ಹಾಕುವಳು. "ತಿನ್ನು, ಅತ್ತು ಅತ್ತು ಹಸಿದಿರ್ತೀಯ" ಎನ್ನುವಳು.

ನಿಜವಾದ ಮದುವೆಯ ದಿನ ಅವಳು ಸೊಸೆಯ ಕೈಗಿಟ್ಟದ್ದು ಮೊಟ್ಟೆಯಂಥ ನುಣುಪು ಆಲೂಗಡ್ಡೆ. ಶಾಲಿನ ಅಡಿಯಲ್ಲಿ ಅದಲು ಬದಲು ಮಾಡಿದ್ದಳು. ಹಸಿಂತಾಗೂ ಅದು ಗೊತ್ತಿರಲಿಲ್ಲ.

*

ಹೆಣ ಎತ್ತುವ ಹೊತ್ತಿಗೆ ಪ್ರವಾಸಿಗಳ ಉಸ್ತುವಾರಿಯ ಫರ್ಮಿನ್ ಏದುಸಿರು ಬಿಡುತ್ತ ಬಂದು, ನೆಲಿಡಾಳ ಗಂಡ ಸಾಬಿನೊನ ಕಿವಿಯ ಹತ್ತಿರ ಬಾಗಿದ.

"ತಪ್ಪಾಯ್ತು ಮಾರಾಯ. ಈ ವಾರ ನಿಮ್ಮನೇದೇ ಸರದಿ. ಬರಬೇಡಿ ಅಂತ ಹೇಳೋದನ್ನ ಮರೆತೇಬಿಟ್ಟೆ. ಬಂದ್ಬಿಟ್ಟಿದಾರೆ."

"ಪಕ್ಕದ ಮನೆಗೆ ಕರ್ಕೊಂಡು ಹೋಗು" ಎಂದ ಸಾಬಿನೊ.

ಆದರೆ ನಾಲ್ವರು ಪ್ರವಾಸಿಗಳೂ ಆಗಲೇ ಅಂಗಳದ ಗೋಡೆಯ ಆಚೆ ಬಂದು ನಿಂತಿದ್ದರು. ಏನೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನೆಲಿಡಾ ತಲೆಯೆತ್ತಿ ಅವರ ಟೋಪಿಗಳನ್ನು ನೋಡಿದಳು.

ಕಣ್ಣು ತುಂಬಿತು. ಒಂದು ಹನಿ ಬಿತ್ತು, ಆಮೇಲೆ ಧಾರೆಯಾಗಿ ಇಳಿಯಿತು. ಹೆಂಗಸರು ಉಸ್ಸೆಂದು ಉಸಿರುಬಿಟ್ಟರು. ಒಬ್ಬಳು, "ಪಾಪ, ಒಳಗೇ ಇಟ್ಕೊಂಡಿದ್ಲು" ಎಂದಳು.

ಹಸಿಂತಾ ಬಂದು ನೆಲಿಡಾಳ ತೋಳು ಹಿಡಿದಳು. "ಸಾಕು ಬಾರೇ, ಅತ್ತಿದ್ದಾಯ್ತಲ್ಲ. ಹೊರಡೋಣ, ಎಲ್ಲಾ ಕಾಯ್ತಿದಾರೆ."

ನೆಲಿಡಾ ಕದಲಲಿಲ್ಲ.

"ಇರಿ" ಎಂದಳು. "ಅತ್ತೆ ಇನ್ನೂ ಬೈದಿಲ್ಲ."

ಚಟ್ಟವನ್ನು ಹೆಗಲಿಗೇರಿಸಿದವರು ಹಾಗೇ ನಿಂತರು. ನೆಲಿಡಾ ತಲೆ ತಗ್ಗಿಸಿಕೊಂಡು, ತನ್ನ ಬಲಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಕಾಯುತ್ತ ನಿಂತಿದ್ದಳು.