ತುಟಿಮಾತಿನ ಸಂದರ್ಶನ

೧
ಎಲ್ಲಿಂದ ಶುರು ಮಾಡಲಿ? ಮಗ್ಗದ ಸದ್ದಿನಿಂದಲೇ ಆಗಲಿ ಎಂದು 'ಖಟಪಟ' ಅಂತ ಬರೆದೆ. ಹೊಡೆದುಹಾಕಿದೆ. ಒಂದು ಕಟ್ಟಡದ ತುಂಬ ಓಡುವ ಮಗ್ಗಗಳನ್ನು ನಾಲ್ಕಕ್ಷರದಲ್ಲಿ ಕೂಡಿಹಾಕಲು ನಾನೇನು ಮಾಂತ್ರಿಕನೇ? (ಪದ್ಯ ಓದುವುದನ್ನು ಕೇಳುತ್ತ ಬೆಳೆದವನು. ದೇವರು ಬರುವುದು ಕಿವಿಯ ದಾರಿಯಲ್ಲೇ ಎಂದು ನಂಬಿದವನು. ಓದುಗರೇ, ಆ ನಂಬಿಕೆಗೆ ಈಗ ಪೆಟ್ಟು ಬೀಳಲಿದೆ.)

೩
(ಎರಡನೆಯ ಭಾಗವನ್ನು ಹರಿದುಹಾಕಿದೆ. ಅದರ ತುಂಬ 'ಉದಾರೀಕರಣ' ಇತ್ತು, ಮನುಷ್ಯರು ಇರಲಿಲ್ಲ.)

ಸರ್ಕಾರಿ ಗಿರಣಿ ಮುಚ್ಚಿತು. ಅಲ್ಲಿ ನೇಯುತ್ತಿದ್ದ ಅತ್ತಿಗೆ, ನಾದಿನಿ ಇಬ್ಬರೂ ಹೊಸ ಖಾಸಗಿ ಬಟ್ಟೆ ಮಳಿಗೆಗೆ ಸಂದರ್ಶನಕ್ಕೆ ಬಂದರು. ಇರುವುದು ಒಂದೇ ಕೆಲಸ, ಗಿರಾಕಿಗಳೊಡನೆ ಮಾತಾಡಿ ಬಟ್ಟೆ ಮಾರುವುದು. ಅತ್ತಿಗೆ ಒಳಗೆ, ನಾದಿನಿ ಗಾಜಿನ ಗೋಡೆಯಾಚೆ, ಬೆಂಚಿನ ಮೇಲೆ.

"ಮೊದ್ಲು ಏನ್ ಕೆಲಸ ಮಾಡ್ತಿದ್ರಿ?" ಮ್ಯಾನೇಜರ್ ಕೇಳಿದ.

ಅತ್ತಿಗೆಯ ತುಟಿ ಅಲುಗಿತು. ದನಿಯಿಲ್ಲ. ಗಿರಣಿಯ ಗದ್ದಲದಲ್ಲಿ ಎಲ್ಲರೂ ತುಟಿಯಲ್ಲೇ ಆಡುವರು, ಕಣ್ಣಲ್ಲೇ ಕೇಳುವರು. ಗಾಬರಿಗೆ ಆ ರೂಢಿಯೇ ಬಂದುಬಿಟ್ಟಿತು.

"ಸ್ವಲ್ಪ ಜೋರಾಗಿ ಹೇಳಿಮ್ಮಾ."

"ನೇಯ್ತಿದ್ದೆ ಸಾರ್!"

ತೂಗುಹಾಕಿದ ಅಂಗಿಗಳೂ ಬೆಚ್ಚಿದವು.

೪
ಮ್ಯಾನೇಜರ್ ಅತ್ತಿಗೆಗೆ ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು, ಪಕ್ಕದವನಿಗೆ ಪಿಸುಗುಟ್ಟಿದ. ಬಾಯಿ ತಿರುಗಿದ್ದು ಗಾಜಿನ ಕಡೆಗೆ. ನಾದಿನಿ ಓದಿದಳು: 'ಈಕೆ ಬೇಡ. ಹೊರಗಿರೋಳು ಮೆತ್ತಗಿದ್ದಾಳೆ, ಅವಳೇ ಸಾಕು.'

ಸುಮ್ಮನಿದ್ದರೆ ಕೆಲಸ ಅವಳದೇ.

ಅವಳು ಎದ್ದು ಗಾಜಿನ ಹತ್ತಿರ ಹೋದಳು. ತುಟಿ ಮಾತ್ರ: 'ಅತ್ತಿಗೇ, ಬೇಡ ಅಂತಿದಾನೆ. ಮಗೂನ ಮಲಗಿಸ್ತೀರಲ್ಲ, ಆ ದನೀಲಿ ಮಾತಾಡಿ.'

ಅತ್ತಿಗೆಯ ತುಟಿ: 'ಮತ್ತೆ ನೀನು?'

'ನಂದಿರ್ಲಿ, ಮೊದ್ಲು ಬಾಯ್ಬಿಡಿ!'

ನಡುವೆ ಗಾಜು. ಒಂದು ಸೊಲ್ಲಿಲ್ಲ. ಕಥೆ ಬರೆಯುವ ನಾನು ನಾದಿನಿಯ ಪಕ್ಕದಲ್ಲೇ ನಿಂತಿದ್ದೆ; ಆಮೇಲೆ ಅವಳೇ ಬಿಡಿಸಿ ಹೇಳಿದಳು. ಇಷ್ಟು ತುಂಬಿದ ಮಾತನ್ನು ನನ್ನ ಕಿವಿ ಎಂದೂ ಕೇಳಿರಲಿಲ್ಲ.

೫
ಅಂತ್ಯ ಒಂದು: ಅತ್ತಿಗೆಗೆ ಕೆಲಸ, ನಾದಿನಿಯ ತ್ಯಾಗ...

"ಏನ್ರೀ, ತ್ಯಾಗಗೀಗ ಅಂತೀರಾ?" ನಾದಿನಿ ನನ್ನ ಮೇಲೆ ರೇಗಿದಳು. "ಅವ್ರಿಗೆ ಸಿಗ್ದಿದ್ರೆ ಮನೇಲಿ ನನ್ ಕಿವಿ ಉಳಿಯುತ್ತಾ?"

ಅಂತ್ಯ ಎರಡು: ನಾದಿನಿಗೆ...

"ಅದನ್ನಂತೂ ಬರೀಲೇಬೇಡಿ."

೬
ಒಳಗೆ ಅತ್ತಿಗೆ ಮೆಲ್ಲಗೆ, ಜೋಗುಳದ ಹದದಲ್ಲಿ ಮಾತಾಡಿದಳು. ಮ್ಯಾನೇಜರ್ ತಲೆಯೆತ್ತಿದ. ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ಏನೋ ಹೇಳಿದ.

"ಏನಂದ?" ಎಂದೆ.

ನಾದಿನಿ ನನ್ನತ್ತ ತಿರುಗಿದಳು. ಅವಳ ತುಟಿ ಅಲುಗಿತು, ಕಣ್ಣು ಅರಳಿತು.

ನನಗೇನೂ ಕೇಳಿಸಲಿಲ್ಲ. ನನ್ನನ್ನು ಕೇಳಬೇಡಿ, ಓದುಗರೇ. ನೀವೂ ಇಲ್ಲೇ ನಿಂತಿದ್ದೀರಿ. ಅವಳ ಮುಖ ನೋಡಿ.