ಗದ್ದೆಯ ಮಿಡತೆಗೆ ಬಂದ ಕೆಟ್ಟ ಹೆಸರು

ಜಪಾನಿನ ಇನಾ ಕಣಿವೆಯ ಒಂದು ಶಾಲೆಯಲ್ಲಿ ಫುಸಾಕೊ ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಳು. ಭತ್ತದ ಕೊಯ್ಲು ಮುಗಿದ ವಾರ ಮಕ್ಕಳೆಲ್ಲ ಬಟ್ಟೆಚೀಲ ಹಿಡಿದು ಗದ್ದೆಗಿಳಿಯುವುದು ರೂಢಿ. ಬೆಳಗಿನ ಇಬ್ಬನಿಗೆ ರೆಕ್ಕೆ ನೆನೆದ ಮಿಡತೆಗಳು ಹಾರಲಾರದೆ ಕೈಗೆ ಸಿಗುತ್ತಿದ್ದವು. ಒಂದು ದಿನ ಚೀಲದಲ್ಲೇ ಬಿಟ್ಟು ಅವುಗಳ ಹೊಟ್ಟೆ ಖಾಲಿಯಾದ ಮೇಲೆ ಕುದಿಸಿ, ಕಾಲು ರೆಕ್ಕೆ ಕಿತ್ತು, ಸೋಯಾ ಸಾಸು, ಸಕ್ಕರೆ ಹಾಕಿ ಮಿರಮಿರ ಮಿಂಚುವ ತನಕ ಬೇಯಿಸಿದರೆ ಬಿಸಿ ಅನ್ನಕ್ಕೆ ಬೇರೇನೂ ಬೇಡ. ಮಾಂಸ ಕಾಣದ ಕಾಲದಲ್ಲಿ ಫುಸಾಕೊಳ ಅಮ್ಮನ ಮೈಗೆ ಕಸುವು ತುಂಬಿದ್ದೇ ಅದು.

ಮೂರು ವರ್ಷದ ಹಿಂದೆ, ಊರಿಗೆ ಹೊಸದಾಗಿ ಬಂದ ಕೆಲವು ಪೋಷಕರು ಶಾಲೆಯಲ್ಲಿ ಮಿಡತೆ ಬಡಿಸುವುದರ ಬಗ್ಗೆ ದೂರು ಬರೆದರು. ಹೆಡ್‌ಮಾಸ್ಟರ್ ಕಿತಾಹಾರಾ ಅಡುಗೆಯವಳನ್ನು ಒಂದು ಮಾತೂ ಕೇಳದೆ, ‘ಅಶುಚಿಯಾದ ಈ ಆಹಾರವನ್ನು ಇನ್ನು ಬಡಿಸುವುದಿಲ್ಲ’ ಎಂದು ಮನೆಮನೆಗೆ ಸುತ್ತೋಲೆ ಕಳಿಸಿದರು. ಒಂದು ಮಗುವಿಗೂ ಹೊಟ್ಟೆನೋವು ತರದ ಅಡುಗೆ ಅದು. ಫುಸಾಕೊ ಮಿಡತೆ ಬೇಯಿಸುವ ಪಾತ್ರೆಯನ್ನು ಅಟ್ಟಕ್ಕೆ ಎತ್ತಿಟ್ಟಳು.

ಈ ಶರತ್ಕಾಲದಲ್ಲಿ ಅದೇ ಶಾಲೆಯ ಸಭಾಂಗಣದಲ್ಲಿ ‘ನಾಳಿನ ಊಟ’ ಎಂಬ ಕಾರ್ಯಕ್ರಮ ಏರ್ಪಾಡಾಯಿತು. ಟೋಕಿಯೊದ ಕಂಪನಿಯೊಂದರಿಂದ ಹಿರೋಸೆ ಎಂಬ ಯುವಕ ಜೀರುಂಡೆ ಹಿಟ್ಟಿನ ಬಿಸ್ಕತ್ತು ತಂದಿದ್ದ. ತಟ್ಟೆಗೆ ಜೋಡಿಸಿ ಹಂಚುವ ಕೆಲಸ ಫುಸಾಕೊಳ ಪಾಲಿಗೆ ಬಂತು. ಹಸುವಿಗೆ ಬೇಕಾಗುವಷ್ಟು ನೀರು, ನೆಲ ಹುಳುವಿಗೆ ಬೇಡ, ಮಾಂಸದಷ್ಟೇ ಪ್ರೋಟೀನು ಸಿಗುತ್ತದೆ ಎಂದು ಅವನು ವಿವರಿಸಿದ. ಕಿತಾಹಾರಾ ಮೊದಲ ಬಿಸ್ಕತ್ತು ಕಡಿದು, ಬಹಳ ರುಚಿ ಎಂದು ಹೊಗಳಿದರು. ಇಲ್ಲಿ ಯಾರಾದರೂ ಹುಳು ತಿಂದಿದ್ದೀರಾ ಎಂದು ಹಿರೋಸೆ ಕೇಳಿದಾಗ ಮೂರನೇ ತರಗತಿಯ ಚಿನಾತ್ಸು ಎದ್ದು ನಿಂತಳು.

“ಇಲ್ಲ. ನಮ್ಮಜ್ಜಿ ತಿಂತಾರೆ. ಅದು ಗಲೀಜು ಅಂತ ಶಾಲೆಯವರೇ ಹೇಳಿದ್ದಾರೆ.”

ಎಲ್ಲರೂ ನಕ್ಕರು. ಕಿತಾಹಾರಾ ಕೂಡ ನಕ್ಕರು. ಫುಸಾಕೊ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

“ಒಂದು ಕೇಳ್ತೀನಪ್ಪಾ, ನಿಮ್ಮ ಹುಳ ಏನು ತಿಂದು ಬೆಳೆಯುತ್ತೆ?”

“ಮೆಕ್ಕೆಜೋಳ, ಮೀನಿನ ಪುಡಿ ಅಮ್ಮಾ. ಸುಮಾರಷ್ಟು ಹೊರದೇಶದಿಂದ ಬರುತ್ತೆ,” ಎಂದು ಹಿರೋಸೆ ಮುಚ್ಚುಮರೆಯಿಲ್ಲದೆ ಹೇಳಿದ. ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗಿಡಬೇಕು ಎಂದೂ ಸೇರಿಸಿದ.

“ನಮ್ಮ ಮಿಡತೆ ಈ ಗೋಡೆ ಆಚೆ ಗದ್ದೆಯಲ್ಲೇ ಮೇಯುತ್ತೆ. ಅದು ಗಲೀಜು, ಇದು ನಾಳಿನ ಊಟ. ಯಾಕೆ, ಚೆಂದದ ಡಬ್ಬಿಗೆ ಹಾಕಿದ್ದಕ್ಕಾ?”

ಕಾರ್ಯಕ್ರಮ ಮುಗಿದ ಮೇಲೆ ಕಿತಾಹಾರಾ ಅವಳನ್ನು ಕೋಣೆಗೆ ಕರೆಸಿ, ಅತಿಥಿಗೆ ಕ್ಷಮಾಪಣೆ ಬರೆದುಕೊಡಿ ಎಂದರು.

“ಬರೀತೀನಿ ಮೇಷ್ಟ್ರೇ. ಮೊದಲು ನೀವು ಆ ಮಕ್ಕಳಿಗೆ ಬರೀರಿ. ಮನೇಲಿ ಅಜ್ಜಿ ತಿನ್ನೋದು ಗಲೀಜು ಅಂತ ನಂಬಿಸಿಬಿಟ್ರಲ್ಲ.”

ಯಾವುದೋ ಹಳೆಯ ಸುತ್ತೋಲೆ, ಒಂದು ಪದ, ಅದೆಲ್ಲ ಈಗ ಯಾರಿಗೆ ನೆನಪಿದೆ ಎಂದರು ಅವರು. ತನಗೆ ನೆನಪಿದೆ ಎಂದು ಅವಳು ನಿಂತಲ್ಲೇ ನಿಂತಳು. ಅಷ್ಟರಲ್ಲಿ ಹೊರಡುವ ಮುನ್ನ ನಮಸ್ಕಾರ ಹೇಳಲು ಬಂದ ಹಿರೋಸೆ, ಬಾಗಿಲಲ್ಲೇ ವಿಷಯ ತಿಳಿದು ಮುಜುಗರದಿಂದ ಕೆಂಪಾದ. ತನಗೆ ಯಾರ ಕ್ಷಮಾಪಣೆಯೂ ಬೇಡ, ಇವರು ಕೇಳಿದ್ದರಲ್ಲಿ ತಪ್ಪೇನಿದೆ ಎಂದುಬಿಟ್ಟ. ಕಿತಾಹಾರಾ ಮೇಜಿನ ಮೇಲಿನ ಕಾಗದ ಸರಿಮಾಡತೊಡಗಿದರು.

ಮುಂದಿನ ವಾರದ ಸುತ್ತೋಲೆಯ ಕೊನೆಗೆ, ಕಳೆದುಹೋದ ಕೊಡೆಯ ಸುದ್ದಿಯ ಕೆಳಗೆ, ಒಂದೇ ಸಾಲಿತ್ತು: ಮಿಡತೆಯನ್ನು ಅಶುಚಿ ಎಂದದ್ದು ತಪ್ಪು. ಅಕ್ಟೋಬರಿನಲ್ಲಿ ಒಂದು ದಿನ ಮಿಡತೆ ಮತ್ತೆ ಅನ್ನದ ಮೇಲೆ ಬಂತು. ಅರ್ಧ ಮಕ್ಕಳು ತಿಂದರು, ಉಳಿದರ್ಧ ಪಕ್ಕಕ್ಕೆ ಸರಿಸಿದರು. ಚಿನಾತ್ಸು ಒಂದನ್ನು ಅಗಿದು, ಇನ್ನೊಂದು ಕೇಳಿದಳು.

ಸಹಾಯಕಿಯರು ಫುಸಾಕೊಳನ್ನು ಅಭಿನಂದಿಸಿದರು. ಅವಳ ಸಿಟ್ಟು ಇಳಿದಿರಲಿಲ್ಲ. ಆ ಮಾತನ್ನು ನಿಜವೆಂದೇ ನಂಬಿ ಈ ಮೂರು ವರ್ಷದಲ್ಲಿ ಶಾಲೆ ಮುಗಿಸಿಹೋದ ಮಕ್ಕಳಿಗೆ ತಪ್ಪಾಯಿತೆಂದು ಯಾರು ಹೇಳುತ್ತಾರೆ ಎಂದು ಕೇಳುತ್ತಾ, ಅವಳು ಪಾತ್ರೆ ತಿಕ್ಕಿದಳು.