ಹಂಸದ ಮುಖ ಯಾವ ಕಡೆ?

ತಮಿಳುನಾಡಿನ ಸಿರುಮುಗೈಯ ನಮ್ಮ ಮನೆಯಲ್ಲಿ ಸೀರೆ ನೇಯ್ದವರು ಬಹಳ ಜನ. ಆದರೆ ಅಜ್ಜಿಯ ಮದುವೆಯ ಸೀರೆ ಹರಿದಾಗ ಅದನ್ನು ಉಳಿಸುವ ದಾರಿ ಒಬ್ಬರಿಗೂ ತಿಳಿಯಲಿಲ್ಲ. ಮಡಿಕೆಯ ಗೆರೆಯಲ್ಲೇ ರೇಷ್ಮೆ ಸೀಳಿತ್ತು. ಸೆರಗಿನಲ್ಲಿ ತಾತ ನೇಯ್ದಿದ್ದ ಹಂಸ ಮುಟ್ಟಿದರೆ ಉದುರುವಂತಿತ್ತು.

"ಬಿಡು ಅಮ್ಮಿಣಿ," ಅಂದರು, ನನ್ನನ್ನು ಮುದ್ದಿನಿಂದ ಹಾಗೆ ಕರೆಯುವ ಅಜ್ಜಿ ಸೆಲ್ಲಮ್ಮ. "ನನಗೇ ಎಪ್ಪತ್ತಾಗ್ತಿದೆ. ಅದಕ್ಕೂ ವಯಸ್ಸಾಗೋದಿಲ್ಲವಾ?"

ಹಾಗಂದವರು ಸೀರೆಯನ್ನು ಎತ್ತಿಡದೆ ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದರು.

ತಾತ ವೆಂಕಟಾಚಲಂ ಮಗ್ಗ ಬಿಟ್ಟು ಎರಡು ವರ್ಷವಾಯಿತು. ಕೈ ನಡುಗುತ್ತದೆ. ನಾನು ಮೆಲ್ಲಗೆ ಕೇಳಿದೆ: "ತಾತ, ಆ ಹಂಸವನ್ನ ಒಂದು ಸಲ ಕಾಗದದಲ್ಲಿ ಬರೆದುಕೊಡ್ತೀರಾ? ಅಜ್ಜಿಯ ಹುಟ್ಟುಹಬ್ಬಕ್ಕೆ ಮನೆಯ ಹನ್ನೊಂದು ಜನವೂ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಳ್ಳೋಣ. ಫೋನಿನಲ್ಲೇ ಆರ್ಡರ್ ಮಾಡಬಹುದು."

"ಬನಿಯನ್ ಮೇಲೆ ಹಂಸವಾ?" ತಾತ ನಕ್ಕರು. "ಕಾಣದ ಅಂಗಡಿ, ಮುಟ್ಟದ ಬಟ್ಟೆ. ಅದೂ ಅಲ್ಲದೆ ನಿನ್ನಜ್ಜಿ ಟೀ ಶರ್ಟ್ ಹಾಕ್ತಾಳಾ?"

"ನಿಮ್ಮ ಹಳೇ ಶರ್ಟನ್ನ ಸೀರೆ ಮೇಲೆ ಹಾಕ್ಕೊಂಡು ಇಷ್ಟು ವರ್ಷ ನೂಲು ಸುತ್ತಿಲ್ಲವಾ? ಇದನ್ನೂ ಹಾಕ್ಕೋತೀನಿ," ಅಂದರು ಅಜ್ಜಿ.

ತಾತ ಎಂಟು ದಿನ ಬರೆದರು. ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿದರು. ಮುಗಿಸಿ ಹೇಳಿದರು: "ಇನ್ನೊಂದು ಸಲ ನನ್ನ ಕೈಯಲ್ಲಿ ಆಗೋದಿಲ್ಲ, ಇಲಕ್ಕಿಯಾ. ಕೆಡಿಸಬೇಡ."

ನನಗೆ ಭಯವಾಯಿತು. ಪಕ್ಕದ ಮನೆಯ ತೆನ್ಮೊಳಿ ಅಕ್ಕನ ಹತ್ತಿರ ಹೋದೆ. ಅವರು ಕಂಪನಿ ವ್ಯಾನಿನಲ್ಲಿ ತಿರುಪ್ಪೂರಿಗೆ ಹೋಗಿ ಬನಿಯನ್, ಟೀ ಶರ್ಟ್ ಮಾಡುವ ಕಂಪನಿಯಲ್ಲಿ ಬಟ್ಟೆ ಚೆಕ್ ಮಾಡುವವರು.

"ಹಾಳೆಯನ್ನ ಹಗಲು ಬೆಳಕಲ್ಲಿ ನೆಲದ ಮೇಲೆ ಹಾಸಿ, ನೇರ ಮೇಲಿಂದ ಫೋಟೋ ತೆಗಿ," ಅಂದರು ಅಕ್ಕ. "ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬಂದ ಫೋಟೋ ಆದರೆ ಅಚ್ಚು ಮಸುಕಾಗುತ್ತೆ. ಸೈಜೂ ಅಷ್ಟೇ, ಅಂದಾಜು ಬೇಡ. ಅವರವರಿಗೆ ಸರಿಹೋಗೋ ಶರ್ಟನ್ನ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪ್ ಹಿಡಿದು ಅಳೆದು, ಆ ಅಂಗಡಿಯ ಸೈಜ್ ಪಟ್ಟಿ ಜೊತೆ ಹೋಲಿಸಿ ನೋಡು."

"ಆಮೇಲೆ ಹನ್ನೊಂದೂ ಆರ್ಡರ್ ಮಾಡಿಬಿಡಲಾ ಅಕ್ಕ?"

"ಅಯ್ಯೋ, ಏನು ಅವಸರ! ಮೊದಲು ಒಂದೇ ಒಂದು ತರಿಸು. ನಮಗಂತಲೇ ಅಚ್ಚು ಹಾಕಿದ್ದನ್ನ, ತಪ್ಪು ನಮ್ಮದಾದರೆ, ಹೆಚ್ಚಿನ ಕಡೆ ವಾಪಸ್ ತಗೊಳ್ಳೋದಿಲ್ಲ. ಶರ್ಟಿನ ಮೇಲೆ ಚಿತ್ರ ಹೇಗೆ ಕೂರುತ್ತೆ ಅಂತ ಫೋನೇ ತೋರಿಸುತ್ತೆ. ಅದನ್ನ ಬರೆದವರಿಗೇ ತೋರಿಸು. ಆಮೇಲೆ ಬಟನ್ ಒತ್ತು."

ಅಕ್ಕ ಹೇಳಿದಂತೆಯೇ ಎಲ್ಲ ಮಾಡಿ, ಫೋನಿನಲ್ಲಿ ಕಂಡ ಟೀ ಶರ್ಟಿನ ಎಡ ಎದೆಯ ಮೇಲೆ ಹಂಸವನ್ನು ಕೂರಿಸಿದೆ. ನನ್ನ ಕಣ್ಣಿಗೆ ಬಹಳ ಚೆಂದ ಕಂಡಿತು. ತಾತನಿಗೆ ಈಗಲೇ ಯಾಕೆ, ಶರ್ಟು ಬಂದ ಮೇಲೆ ನೋಡಿ ಸಂತೋಷಪಡಲಿ ಅನ್ನಿಸಿತು. ಬೆರಳು ಬಟನ್ನಿನ ಹತ್ತಿರವೇ ಇತ್ತು. ಆದರೂ ಅಕ್ಕನ ಮಾತು ನೆನಪಾಗಿ, ಎದ್ದು ಹೋಗಿ ಫೋನನ್ನು ತಾತನ ಕೈಗಿಟ್ಟೆ.

ತಾತ ಬಹಳ ಹೊತ್ತು ನೋಡಿದರು. "ಇದು ತೋಳಿನ ಕಡೆ ನೋಡ್ತಿದೆಯಲ್ಲ! ನಿನ್ನಜ್ಜಿ ಸೆರಗು ಹಾಕಿಕೊಂಡರೆ ಹಂಸ ಎದೆಯ ನಡುವಿನ ಕಡೆ ನೋಡ್ತಿತ್ತು. ಹಾಗಂತಲೇ ನೇಯ್ದಿದ್ದೆ."

"ನಾನೇನೂ ಬದಲಾಯಿಸಿಲ್ಲ ತಾತ."

ತಾತ ಹಾಳೆ ತರಿಸಿ ನೋಡಿದರು. ಅವರ ಮುಖ ಬಾಡಿತು. ಎದ್ದು ಹೋಗಿ ಮಗ್ಗದ ಕೆಳಗೆ ಕಾಲಿಡುವ ಗುಳಿಯಿಂದ ಪುಟ್ಟ ಕನ್ನಡಿಯೊಂದನ್ನು ತಂದರು. ನಮ್ಮ ಮಗ್ಗದಲ್ಲಿ ಸೀರೆಯ ಒಳ್ಳೆಯ ಮುಖ ಕೆಳಗಿರುತ್ತದೆ, ನೇಯುವವರಿಗೆ ಕಾಣುವುದು ಹಿಂಬದಿ ಮಾತ್ರ. ಅದಕ್ಕೇ ತಾತ ಚಿತ್ರವನ್ನು ಎಡಬಲ ತಿರುಗಿಸಿ ಬರೆಯುತ್ತಿದ್ದರು, ಸೀರೆಯ ಕೆಳಗೆ ಕನ್ನಡಿ ಹಿಡಿದು ಸರಿನೋಡುತ್ತಿದ್ದರು. ಐವತ್ತು ವರ್ಷ ಪಳಗಿದ ಕೈ ಈ ಸಲವೂ ಮಗ್ಗಕ್ಕೆಂದೇ ಬರೆದಿತ್ತು.

ಹಾಳೆಯ ಪಕ್ಕದಲ್ಲಿ ಕನ್ನಡಿ ಹಿಡಿದರು. ಕನ್ನಡಿಯೊಳಗಿನ ಹಂಸ ಸರಿಯಾದ ಕಡೆ ತಿರುಗಿತ್ತು.

"ಮತ್ತೆ ಬರೀಬೇಕಾ?" ಅವರ ದನಿ ತೀರ ಸಣ್ಣದಾಗಿತ್ತು.

"ಬೇಡ ತಾತ. ಇದರಲ್ಲೂ ಒಂದು ಕನ್ನಡಿ ಇದೆ."

ಫೋನಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸುವ ಬಟನ್ ಒತ್ತಿದೆ. ಹಂಸ ಎದೆಯ ನಡುವಿನ ಕಡೆ ತಿರುಗಿತು. ತಾತ ಕೂತಲ್ಲಿಂದಲೇ ಕೂಗಿದರು: "ಸೆಲ್ಲಮ್ಮಾ, ಬಾ ಇಲ್ಲಿ, ಬೇಗ ಬಾ!"

ಮೊದಲು ಒಂದು ಶರ್ಟು ಬಂತು. ಎರಡು ಸಲ ಒಗೆದು, ಒಳಮಗ್ಗಲು ತಿರುಗಿಸಿ ಒಣಗಿಸಿದೆವು. ಬಣ್ಣ ಬಿಡಲಿಲ್ಲ, ಅಚ್ಚು ಬಿರಿಯಲಿಲ್ಲ. ಆಮೇಲೆಯೇ ಉಳಿದ ಹತ್ತನ್ನು ತರಿಸಿದೆವು.

ಹುಟ್ಟುಹಬ್ಬದ ದಿನ ಅಜ್ಜಿ ಸೀರೆಯ ಮೇಲೆ ಟೀ ಶರ್ಟ್ ಹಾಕಿಕೊಂಡು ನಾಚುತ್ತಾ ನಿಂತರು. ತಾತ ನಡುಗುವ ಕೈಯಿಂದಲೇ ಶರ್ಟಿನ ಅಂಚನ್ನು ಎಳೆದು ಸರಿಮಾಡಿದರು.

"ಹಂಸ ಈಗ ಸರಿಯಾಗಿ ನೋಡ್ತಿದೆ," ಅಂದರು.

"ಹಂಸ ನೋಡಿದ್ದು ಸಾಕು. ನೀವು ನೋಡಿ," ಅಂದರು ಅಜ್ಜಿ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ನಿಮ್ಮ ಮನೆಯವರ ಕೈಬರಹವನ್ನೋ ಚಿತ್ರವನ್ನೋ ನೀವೂ ಬಟ್ಟೆಯ ಮೇಲೆ ಉಳಿಸಿಕೊಳ್ಳಬಹುದು. ಭಯಪಡಬೇಡಿ, ಅವಸರವನ್ನೂ ಪಡಬೇಡಿ. ಅಳೆದು ನೋಡಿ, ಮೊದಲು ಒಂದನ್ನೇ ತರಿಸಿ. ಕೊನೆಯ ಬಟನ್ ಒತ್ತುವ ಮುನ್ನ ಆ ಚಿತ್ರ ಬರೆದವರ ಪಕ್ಕದಲ್ಲಿ ಕೂತು, ಫೋನನ್ನು ಅವರ ಕೈಗೆ ಕೊಡಿ. ನಮಗೆ ಕಾಣದೆ ಹೋದದ್ದು ಅವರಿಗೆ ಕಾಣುತ್ತದೆ.